ತಳ್ಳಿ ನೋಡಿ ಕೊಂಡ ಬೈಕು

ಮೂವತ್ತೆಂಟರ ವಯಸ್ಸಿನಲ್ಲಿ, ಐದಡಿ ಎರಡಂಗುಲ ಎತ್ತರದ ಹೆಂಗಸೊಬ್ಬಳು ಮೊದಲ ಸಲ ಗೇರಿನ ಬೈಕು ಕೊಳ್ಳಲು ಹೊರಟರೆ ಮೈಸೂರಿನಲ್ಲಿ ಸಲಹೆಗೇನೂ ಬರವಿಲ್ಲ. ಕಾಲೇಜಿನ ಸ್ಟಾಫ್ ರೂಮಿನಿಂದ ಹಿಡಿದು ಹಾಲಿನ ಬೂತಿನವರೆಗೆ ಎಲ್ಲರೂ ನನಗೆ ಒಂದೊಂದು ಬೈಕಿನ ಹೆಸರು ಹೇಳಿದರು. ಯಾವ ಕಾಗದ ಮೊದಲು ಆಗಬೇಕು, ಯಾವುದು ಆಮೇಲಾದರೂ ಸಾಕು, ಇನ್ನೂರು ಕಿಲೋ ಹತ್ತಿರದ ಗಾಡಿಯನ್ನು ಇಳಿಜಾರಿರುವ ಗೇಟಿನೊಳಗೆ ತರುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. 2025ರ ಮೇ ತಿಂಗಳಿನಲ್ಲಿ ಶುರುವಾದ ನನ್ನ ಓಡಾಟ ದೀಪಾವಳಿ ಕಳೆದ ಮೇಲೆ ಮುಗಿಯಿತು. ಸ್ಕೂಟರಿನಿಂದ ನೇರವಾಗಿ 350 ಸಿಸಿಗೆ ಹೋಗಬೇಕೆಂದಿರುವವರಿಗೆ ಅನುಕೂಲವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ತಡೆ ಲೈಸೆನ್ಸಿನದು. ನನ್ನ ಡಿಎಲ್‌ನಲ್ಲಿ ಕಾರು ಮತ್ತು ಗೇರಿಲ್ಲದ ದ್ವಿಚಕ್ರ ವಾಹನ ಎಂಬ ಎರಡೇ ವರ್ಗಗಳಿದ್ದವು. ಕಾರ್ಡಿನ ಮೇಲೆ ‘ಎಂಸಿಡಬ್ಲ್ಯುಒಜಿ’ ಎಂದಷ್ಟೇ ಅಚ್ಚಾಗಿದ್ದರೆ ಅದು ಸ್ಕೂಟರಿಗೆ ಮಾತ್ರ ಸಲ್ಲುತ್ತದೆ. ಗೇರಿನ ಬೈಕಿಗೆ ‘ಎಂಸಿಡಬ್ಲ್ಯುಜಿ’ ಎಂದಿರಬೇಕು. ಒಂದು ಅಕ್ಷರದ ಈ ವ್ಯತ್ಯಾಸವನ್ನು ಗಮನಿಸದೆ ವರ್ಷಗಟ್ಟಲೆ ಬೈಕು ಓಡಿಸುತ್ತಿರುವವರು ನನ್ನ ಪರಿಚಯದಲ್ಲೇ ಇದ್ದಾರೆ. ಪೊಲೀಸರ ದಂಡ ಒಂದು ಕಡೆಗಿರಲಿ, ಅಪಘಾತವಾದ ದಿನ ವಿಮಾ ಕಂಪನಿಯವರು ಮೊದಲು ಕೇಳುವುದು ಆ ಕಾರ್ಡನ್ನೇ. ಬೈಕಿನ ಬಣ್ಣ ಯೋಚಿಸುವುದಕ್ಕೆ ಮೊದಲು ಪರ್ಸಿನಿಂದ ಕಾರ್ಡು ತೆಗೆದು ಓದಿಕೊಳ್ಳುವುದು ಒಳ್ಳೆಯದು.

ಹೊಸ ವರ್ಗವನ್ನು ಸೇರಿಸಲು ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನನ್ನ ವಿಷಯದಲ್ಲಿ ಅದಕ್ಕೂ ಹಿಂದೆ ಇನ್ನೊಂದು ಕೆಲಸವಿತ್ತು. ನನ್ನ ಆಧಾರ್ ಮತ್ತು ಡಿಎಲ್ ಎರಡರಲ್ಲೂ ಹಾಸನದ ತವರುಮನೆಯ ವಿಳಾಸವಿತ್ತು. ನಾನಿರುವುದು ಮೈಸೂರಿನ ಬಾಡಿಗೆ ಮನೆಯಲ್ಲಿ. ಬೈಕಿನ ನೋಂದಣಿ, ಬ್ಯಾಂಕಿನ ಸಾಲ, ಲೈಸೆನ್ಸು ಮೂರೂ ವಿಳಾಸವನ್ನೇ ಹಿಡಿದುಕೊಂಡು ನಡೆಯುವುದರಿಂದ ಬಾಡಿಗೆ ಕರಾರು ಪತ್ರವನ್ನು ಕೊಟ್ಟು ಮೊದಲು ಆಧಾರಿನ ವಿಳಾಸ ಬದಲಿಸಿಕೊಂಡೆ, ಆಮೇಲೆ ಡಿಎಲ್‌ನದು. ಇದಕ್ಕೇ ಕೆಲವು ವಾರ ಹಿಡಿಯಿತು. ಆ ವಾರಗಳು ಸುಮ್ಮನೆ ಕಳೆದವೆಂದು ಆಗ ಬೇಸರವಾಗಿತ್ತು, ಆದರೆ ಮುಂದೆ ಬ್ಯಾಂಕಿನವರಾಗಲಿ ಶೋರೂಮಿನವರಾಗಲಿ ವಿಳಾಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಊರು ಬಿಟ್ಟು ಬಂದು ನೆಲೆಸಿದವರು ಇಲ್ಲಿಂದಲೇ ಶುರುಮಾಡುವುದು ಮೇಲು.

ಹೊಸ ವರ್ಗಕ್ಕೂ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಬೇಕೇ ಬೇಕು. ಅದು ಸಿಕ್ಕಿ 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ, 6 ತಿಂಗಳು ಮೀರಿದರೆ ಅದರ ಅವಧಿ ಮುಗಿಯುತ್ತದೆ. ಕೇಂದ್ರದ ನಿಯಮದಂತೆ ಎಲ್‌ಎಲ್‌ಆರ್‌ಗೆ ವರ್ಗವೊಂದಕ್ಕೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300, ವರ್ಗ ಸೇರ್ಪಡೆಗೆ 500. ಇದರ ಮೇಲೆ ಕಾರ್ಡಿನ ಶುಲ್ಕ. ನಲವತ್ತು ದಾಟಿದವರಾದರೆ ವೈದ್ಯರ ಸಹಿ ಇರುವ ನಮೂನೆ 1ಎ ಬೇಕಾಗುತ್ತದೆ. ನನಗೆ ಸ್ವಯಂಘೋಷಣೆಯ ನಮೂನೆ 1 ಸಾಕಾಯಿತು. ಕಲಿಯುವ ಅವಧಿಯಲ್ಲಿ ಬೈಕಿನ ಹಿಂದೆ ಮುಂದೆ ಕೆಂಪು ‘ಎಲ್’ ಇರಬೇಕು, ಹಿಂಬದಿಯ ಸೀಟಿನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ.

ಕಲಿತದ್ದು ತಮ್ಮನ ಹಳೆಯ ಸ್ಪ್ಲೆಂಡರಿನಲ್ಲಿ, ಊರಾಚೆ ರಸ್ತೆಗಳಷ್ಟೇ ಆಗಿ ಮನೆಗಳಿನ್ನೂ ಏಳದ ಒಂದು ಲೇಔಟಿನಲ್ಲಿ. ಹಗುರವಾದ ಬೈಕಿನಲ್ಲಿ ಕಲಿತದ್ದು ಸರಿಯೇ, ಆದರೆ ಅದರ ಗೇರು ಹಾಕುವ ಕ್ರಮ ಬೇರೆ. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರುಗಳನ್ನು ಮುಂಗಾಲಿನಿಂದ ಕೆಳಕ್ಕೆ ಒತ್ತಿಯೇ ಹಾಕಬೇಕು. 350 ಸಿಸಿಯ ಬೈಕುಗಳಲ್ಲಿ ಒಂದನೆಯ ಗೇರು ಮಾತ್ರ ಕೆಳಕ್ಕೆ, ಉಳಿದದ್ದೆಲ್ಲ ಮೇಲಕ್ಕೆ. ಸ್ಪ್ಲೆಂಡರಿನಲ್ಲಿ ಕಾಲು ಕಲಿತ ಅಭ್ಯಾಸ ದೊಡ್ಡ ಬೈಕಿನಲ್ಲಿ ಅಪಾಯಕ್ಕೆ ದಾರಿ: ವೇಗ ಹೆಚ್ಚಿಸಲೆಂದು ಕೆಳಕ್ಕೆ ಒತ್ತಿದರೆ ಗೇರು ಇಳಿದು ಬೈಕು ಮುಗ್ಗರಿಸಿದಂತಾಗುತ್ತದೆ. ಇದು ಗೊತ್ತಿದ್ದ ತಮ್ಮ, ಪರೀಕ್ಷೆ ಮುಗಿದ ಕೂಡಲೇ ತನ್ನ ಸ್ನೇಹಿತನ 150 ಸಿಸಿ ಬೈಕನ್ನು ಕೆಲವು ಸಂಜೆ ತಂದುಕೊಟ್ಟ. ಸಾಧ್ಯವಿದ್ದವರು ಮೊದಲಿನಿಂದಲೇ ಅಂಥ ಬೈಕಿನಲ್ಲಿ ಕಲಿಯಲಿ.

ಸ್ಕೂಟರಿನವರಿಗೆ ಗೇರಿಗಿಂತ ಕಷ್ಟವಾಗುವುದು ಎಡಗೈ. ವರ್ಷಗಟ್ಟಲೆ ಎಡಗೈ ಹಿಡಿದದ್ದು ಬ್ರೇಕು. ಈಗ ಅಲ್ಲಿ ಕ್ಲಚ್ಚಿದೆ. ಯಾರಾದರೂ ಅಡ್ಡ ಬಂದರೆ ಎಡಗೈ ತಾನಾಗಿ ಬಿಗಿಯುತ್ತದೆ, ಬೈಕು ನಿಲ್ಲುವುದರ ಬದಲು ಎಂಜಿನ್ನಿನ ಹಿಡಿತವೂ ತಪ್ಪಿ ಇನ್ನಷ್ಟು ಸಲೀಸಾಗಿ ಮುಂದಕ್ಕೆ ಜಾರುತ್ತದೆ. ಇದಕ್ಕೆ ಉಪಾಯವೆಂದರೆ ಖಾಲಿ ರಸ್ತೆಯಲ್ಲಿ ತಮ್ಮ ಇದ್ದಕ್ಕಿದ್ದಂತೆ ‘ನಿಲ್ಲು’ ಎಂದು ಕೂಗುವುದು, ನಾನು ಬಲಗೈ ಬಲಗಾಲು ಎರಡನ್ನೂ ಒಟ್ಟಿಗೆ ಒತ್ತಿ ನಿಲ್ಲಿಸುವುದು. ಕೈಗೆ ಅದು ಅಭ್ಯಾಸವಾಗುವವರೆಗೆ ನಾನು ಪೇಟೆಯೊಳಗೆ ಬೈಕು ತರಲಿಲ್ಲ.

ಚಾಲನಾ ಪರೀಕ್ಷೆಯೆಂದರೆ ಎಂಟರ ಆಕಾರದಲ್ಲಿ ಕಾಲು ನೆಲಕ್ಕೆ ತಾಗಿಸದೆ ಸುತ್ತಬೇಕು. ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು, ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ, ಮುಂಚಕ್ರವನ್ನು ನೋಡದೆ ಹೋಗಬೇಕಾದ ಕಡೆ ನೋಡಿದರೆ ಬೈಕು ಬೀಳುವುದಿಲ್ಲ. ಮುಂದೆ ದೊಡ್ಡ ಬೈಕಿನಲ್ಲಿ ಯು-ಟರ್ನ್ ತೆಗೆದುಕೊಳ್ಳುವಾಗಲೂ ನನಗೆ ಉಪಯೋಗಕ್ಕೆ ಬಂದದ್ದು ಇದೊಂದೇ ವಿದ್ಯೆ. ಪರೀಕ್ಷೆಯ ದಿನ ಬಿಸಿಲಿನಲ್ಲಿ ಸರದಿ ಕಾದದ್ದು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಸುತ್ತಿದ್ದು ಎರಡು ನಿಮಿಷ. ನೀರಿನ ಬಾಟಲಿ, ಟೊಪ್ಪಿ, ಸ್ವಂತ ಹೆಲ್ಮೆಟ್ಟು ಜೊತೆಗಿರಲಿ. ಪರೀಕ್ಷೆಗೆ ತಂದ ಬೈಕಿನ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರಗಳೂ ಇರಲಿ. ನನ್ನ ಮುಂದಿದ್ದ ಹುಡುಗನನ್ನು ವಿಮೆಯ ಅವಧಿ ಮುಗಿದಿದೆಯೆಂದು ವಾಪಸು ಕಳಿಸಿದರು.

ಲೈಸೆನ್ಸು ಕೈಗೆ ಬರುವ ತನಕ ಶೋರೂಮುಗಳಲ್ಲಿ ಟೆಸ್ಟ್ ರೈಡ್ ಸಿಗುವುದಿಲ್ಲ. ಎಲ್‌ಎಲ್‌ಆರ್ ತೋರಿಸಿದರೆ ನಯವಾಗಿಯೇ ಬೇಡವೆನ್ನುತ್ತಾರೆ, ಅದು ಸರಿಯೂ ಹೌದು. ಆ ಬಿಡುವಿನಲ್ಲಿ ನಾನು ಹೋದದ್ದು ದೊಡ್ಡಪ್ಪನ ಮನೆಗೆ. ಮೈಸೂರಿನಲ್ಲಿ ಬೈಕಿನ ಮಾತೆತ್ತಿದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾರದೆ ಇರುವುದಿಲ್ಲ. 1961ರಲ್ಲಿ ಬೈಕು ಕಟ್ಟಲಾರಂಭಿಸಿ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿಗೆ ತಿರುಗಿ, 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯಲ್ಲಿ ದೊಡ್ಡಪ್ಪ ಕೆಲಸಕ್ಕಿದ್ದರು. ಅವರ ಶೆಡ್ಡಿನಲ್ಲಿ ಈಗಲೂ ಒಂದು ರೋಡ್‌ಕಿಂಗ್ ಇದೆ. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿರುವ, ಎರಡು ಸೈಲೆನ್ಸರುಗಳ ಆ ಬೈಕನ್ನು ಅವರು ನನಗೆ ಓಡಿಸಲು ಕೊಡಲಿಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ನ್ಯೂಟ್ರಲ್ ಮಾಡಿ, ಹ್ಯಾಂಡಲ್ ನನ್ನ ಕೈಗೆ ಕೊಟ್ಟು, ಶೆಡ್ಡಿನಿಂದ ಹಿಂದಕ್ಕೆ ತಳ್ಳಿಕೊಂಡು ಬೀದಿಗೆ ತಂದು ತಿರುಗಿಸಿ ಮತ್ತೆ ಒಳಗೆ ಹಾಕು ಎಂದರು.

ನಾನು ಏದುಸಿರು ಬಿಡುತ್ತ ಸೈಡ್ ಸ್ಟ್ಯಾಂಡ್ ಹಾಕಿದ ಮೇಲೆ ಅವರು ಹೇಳಿದ್ದು ಇಷ್ಟು: “ಓಡ್ಸೋದು ಎಂಜಿನ್ನು ಕಣಮ್ಮ. ನಿಲ್ಸೋದು, ತಿರುಗ್ಸೋದು, ಮನೆ ಒಳಗೆ ಹಾಕೋದು ನೀನೇ. ಅಂಗಡಿಗೆ ಹೋದಾಗ ಆಫ್ ಮಾಡಿ ತಳ್ಳಿ ನೋಡು ಮೊದ್ಲು. ಆಮೇಲೆ ಸ್ಟಾರ್ಟ್ ಮಾಡು.”

ನನ್ನ ಇಡೀ ಆಯ್ಕೆ ನಡೆದದ್ದು ಈ ಮಾತಿನ ಮೇಲೆ. ಅರವತ್ತು ಕಿಲೋಮೀಟರ್ ವೇಗದಲ್ಲಿ ಯಾವ ಬೈಕೂ ಭಾರವೆನಿಸುವುದಿಲ್ಲ. ಭಾರ ಗೊತ್ತಾಗುವುದು ಪೆಟ್ರೋಲ್ ಬಂಕಿನ ಸಾಲಿನಲ್ಲಿ, ಜಲ್ಲಿ ಹಾಕಿದ ಪಾರ್ಕಿಂಗಿನಲ್ಲಿ, ಮುಂಚಕ್ರ ತಗ್ಗಿನ ಕಡೆ ಮುಖ ಮಾಡಿ ನಿಂತಾಗ.

ಆಗಸ್ಟಿನಲ್ಲಿ ಶೋರೂಮುಗಳ ಸುತ್ತಾಟ. ತಮ್ಮ ಜೊತೆಗಿದ್ದ ಕಡೆಯೆಲ್ಲ ಸೇಲ್ಸ್‌ನವರು ಅವನ ಕಡೆಗೇ ನೋಡಿ ಮಾತಾಡಿದರು. ಒಂದು ಕಡೆ “ಸರ್, ಮೇಡಂಗೆ ಸ್ಕೂಟರ್ ಸೆಕ್ಷನ್ ಆ ಕಡೆ ಇದೆ” ಎಂದೂ ತೋರಿಸಿದರು. ಎರಡನೆಯ ವಾರದಿಂದ ನಾನೊಬ್ಬಳೇ ಹೋದೆ. ಆಗ ಮಾತು ನನ್ನೊಡನೆಯೇ ನಡೆಯಿತು. ಎಲ್ಲ ಕಡೆಯೂ ನನ್ನ ಮೊದಲ ಬೇಡಿಕೆ ಒಂದೇ: ಎಂಜಿನ್ ಆಫ್ ಇರಲಿ, ಬೈಕನ್ನು ಸ್ಟ್ಯಾಂಡಿನಿಂದ ತೆಗೆದು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಲು ಬಿಡಿ. ಕೆಲವರು ನಕ್ಕರು. ಬೇಡವೆಂದವರು ಯಾರೂ ಇಲ್ಲ.

ಸೀಟಿನ ಎತ್ತರವನ್ನು ಕಾಗದದ ಮೇಲೆ ನೋಡಿ ತೀರ್ಮಾನಿಸಲಾಗದು ಎಂಬುದು ಅಲ್ಲಿ ಗೊತ್ತಾಯಿತು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು 805 ಮಿ.ಮೀ., ಹೋಂಡಾ ಹೈನೆಸ್ ಸಿಬಿ350ರದು 800. ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಸೀಟು ಅಗಲವಾದಷ್ಟೂ ತೊಡೆ ಹೊರಕ್ಕೆ ಹೋಗುತ್ತದೆ, ಕಾಲಿನ ಉದ್ದ ಅಷ್ಟು ಕಡಿಮೆಯಾಗುತ್ತದೆ. ಕ್ಲಾಸಿಕ್‌ನಲ್ಲಿ ನನ್ನ ಎರಡೂ ಪಾದಗಳ ಮುಂಭಾಗ ಮಾತ್ರ ನೆಲಕ್ಕೆ ತಾಗಿತು; ಒಂದು ಕಡೆ ಸರಿದು ಕೂತರೆ ಒಂದು ಪಾದ ಪೂರ್ತಿ ಊರಿತು. ಅದೇ ಸಾಕೆಂದು ಬಹಳ ಮಂದಿ ಹೇಳುತ್ತಾರೆ, ಅಭ್ಯಾಸವಾದವರಿಗೆ ಸಾಕೂ ಹೌದು. ಹೊಸಬಳಾದ ನನಗೆ 195 ಕಿಲೋ ತೂಕವನ್ನು ತುದಿಗಾಲಿನಲ್ಲಿ ಹಿಡಿಯುವ ಧೈರ್ಯವಿರಲಿಲ್ಲ. ನೋಡಲು ಹೋಗುವಾಗ ದಿನವೂ ಬೈಕಿಗೆ ಹಾಕುವ ಶೂವನ್ನೇ ಹಾಕಿಕೊಂಡು ಹೋಗಿ. ಚಪ್ಪಲಿಗೂ ಶೂವಿಗೂ ಅಂಗುಲದ ಅಂತರವಿರುತ್ತದೆ, ಆ ಅಂಗುಲದಲ್ಲಿ ತೀರ್ಮಾನವೇ ಬದಲಾಗಬಹುದು.

ಹಿಮಾಲಯನ್ 450ರ ಆಸೆ ಒಂದೇ ನಿಮಿಷದಲ್ಲಿ ಮುಗಿಯಿತು. ಅದರ ಸೀಟು 825 ಮಿ.ಮೀ., ಮೇಲೆ ಕೂತಾಗ ನೆಲ ಬಹಳ ದೂರವಿತ್ತು. ಇಂಟರ್‌ಸೆಪ್ಟರ್ 650 ಇನ್ನೂರು ಕಿಲೋ ದಾಟಿದ, 47 ಅಶ್ವಶಕ್ತಿಯ ಬೈಕು. ಅದರ ಎರಡು ಸಿಲಿಂಡರುಗಳ ನಾದಕ್ಕೆ ಮನಸೋತರೂ ಸ್ಟ್ಯಾಂಡಿನಿಂದ ಎತ್ತಿದ ಕೂಡಲೇ ಇದು ನನ್ನ ಎರಡನೆಯ ಬೈಕಾಗಬಹುದೇ ಹೊರತು ಮೊದಲನೆಯದಲ್ಲ ಎನ್ನಿಸಿತು. ಟ್ರಯಂಫ್ ಸ್ಪೀಡ್ 400 ತೂಕದಲ್ಲಿ 180 ಕಿಲೋದೊಳಗೇ ಇದೆ, ತಳ್ಳಲು ಸುಲಭ, 40 ಅಶ್ವಶಕ್ತಿ. ಆದರೆ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ತಿರುಗಿಸಿದರೂ ಅದು ಮುನ್ನುಗ್ಗುವ ವೇಗ ಹೊಸ ಕೈಗೆ ಹೆಚ್ಚಾಯಿತು. 350 ಸಿಸಿಯ ಎನ್‌ಫೀಲ್ಡುಗಳು ಸುಮಾರು 20 ಅಶ್ವಶಕ್ತಿಯವು. ಎಳೆತ ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ, ಸಿಗುವುದರಿಂದ ಕ್ಲಚ್ ಬಿಡುವಾಗ ಎಂಜಿನ್ ಅಷ್ಟು ಬೇಗ ಆಫ್ ಆಗುವುದಿಲ್ಲ, ತಪ್ಪಾದ ಗೇರಿನಲ್ಲಿದ್ದರೂ ಸಹಿಸಿಕೊಂಡು ಹೋಗುತ್ತದೆ. ಬಲ ಕಡಿಮೆ ಎಂದು ಮೂಗು ಮುರಿಯುವವರ ಮಾತನ್ನು ಮೊದಲ ಬೈಕಿನ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಕೊನೆಗೆ ಉಳಿದದ್ದು ಎರಡು, ಎರಡೂ ಎನ್‌ಫೀಲ್ಡಿನವೇ. ಮೀಟಿಯರ್ 350: ಸೀಟು 765 ಮಿ.ಮೀ., ಎರಡೂ ಪಾದ ನೆಲದ ಮೇಲೆ ಪೂರ್ತಿ, ತೂಕ 191 ಕಿಲೋ. ಹಂಟರ್ 350: ಸೀಟು 790, ತೂಕ 181. ಎತ್ತರವೊಂದನ್ನೇ ನೋಡಿದ್ದರೆ ಮೀಟಿಯರ್ ಎಂದು ಅಲ್ಲಿಗೇ ತೀರ್ಮಾನವಾಗುತ್ತಿತ್ತು.

ತೀರ್ಮಾನ ಆದದ್ದು ನನ್ನ ಮನೆಯ ಗೇಟಿನಲ್ಲಿ. ನಾನಿರುವ ಮನೆಯ ಮುಂದೆ ಚರಂಡಿಗೆ ಎರಡು ಕಲ್ಲು ಚಪ್ಪಡಿ ಹಾಸಿದ್ದಾರೆ, ಅದರಾಚೆ ಪೋರ್ಟಿಕೋಗೆ ಏರುವ ಸಿಮೆಂಟಿನ ಇಳಿಜಾರಿದೆ. ಚಪ್ಪಡಿಗಳ ನಡುವಿನ ಸಂದಿನಲ್ಲಿ ಚಕ್ರ ಕೂತರೆ ಎತ್ತುವುದು ಕಷ್ಟ. ಪೋರ್ಟಿಕೋ ಒಳಗೆ ಬೈಕು ತಿರುಗಿಸುವಷ್ಟು ಜಾಗವೂ ಇಲ್ಲ. ಒಳಗೆ ಹೋಗುವಾಗ ಎಂಜಿನ್ನಿನ ಬಲದಲ್ಲಿ ಹತ್ತಬಹುದು, ಬೆಳಗ್ಗೆ ಹೊರಗೆ ಬರುವಾಗ ಹಿಂದಕ್ಕೆ ಇಳಿಸಬೇಕು. ಮನೆಗೆ ಟೆಸ್ಟ್ ರೈಡ್ ಬೈಕು ಕಳಿಸುವ ವ್ಯವಸ್ಥೆ ಹಲವು ಶೋರೂಮುಗಳಲ್ಲಿದೆ, ಕೇಳಬೇಕಷ್ಟೆ. ಎರಡೂ ಬೈಕುಗಳನ್ನು ಬೇರೆ ಬೇರೆ ದಿನ ಮನೆಗೆ ತರಿಸಿಕೊಂಡು ಅದೇ ಇಳಿಜಾರಿನಲ್ಲಿ ಇಳಿಸಿ ನೋಡಿದೆ. ಮೀಟಿಯರ್ ಉದ್ದನೆಯ ಬೈಕು, ಫುಟ್‌ರೆಸ್ಟ್ ಮುಂದಿದೆ. ಮೇಲೆ ಕೂತು ಪಾದಗಳಿಂದ ಹಿಂದಕ್ಕೆ ಒದೆಯುವಾಗ ಸೊಗಸಾಗಿತ್ತು, ಆದರೆ ಗೇಟಿನ ಹತ್ತಿರ ಹ್ಯಾಂಡಲ್ ತಿರುಗಿಸಿದಾಗ ಅದರ ಉದ್ದ ಬೀದಿಯ ವಿದ್ಯುತ್ ಕಂಬಕ್ಕೆ ಅಡ್ಡ ಬಂತು. ಹಂಟರ್ ಗಿಡ್ಡ, ಹತ್ತು ಕಿಲೋ ಹಗುರ, ಒಂದೇ ತಿರುವಿನಲ್ಲಿ ಬೀದಿಗೆ ಮುಖ ಮಾಡಿತು. ಇಳಿಜಾರಿನಲ್ಲಿ ಹಿಂದಕ್ಕೆ ಇಳಿಸುವಾಗ ಬೈಕಿನ ಎಡಬದಿಗೆ ನಿಂತು ಟ್ಯಾಂಕಿಗೆ ಸೊಂಟ ಆನಿಸಿ, ಬಲಗೈಯ ಎರಡು ಬೆರಳು ಮುಂದಿನ ಬ್ರೇಕಿನ ಮೇಲಿಟ್ಟು, ಹ್ಯಾಂಡಲ್ ನೇರವಾಗಿರುವಾಗ ಮಾತ್ರ ಬ್ರೇಕು ಹಿಡಿಯಬೇಕು. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕು ಹಿಡಿದರೆ ನಿಂತ ಜಾಗದಲ್ಲೇ ಬೈಕು ಮಗುಚುತ್ತದೆ.

ಈ ನಡುವೆ ಸೆಪ್ಟೆಂಬರ್ ಬಂತು. ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ 22ನೇ ತಾರೀಖಿನಿಂದ 350 ಸಿಸಿಯವರೆಗಿನ ಬೈಕುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನವುಗಳ ತೆರಿಗೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. 349 ಸಿಸಿಯ ಬೈಕನ್ನು ಆರಿಸಿಕೊಂಡಿದ್ದ ನನಗೆ ಇದು ಕೇಳದೆ ಬಂದ ಲಾಭ. ತಾರೀಖು ತಿಳಿದ ಮೇಲೆ ಬುಕಿಂಗ್ ಮುಂದೂಡಿದೆ. ಅಂದೇ ದಸರೆಯೂ ಶುರುವಾದ್ದರಿಂದ ಶೋರೂಮುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಯುಧಪೂಜೆಯ ದಿನವೇ ಗಾಡಿ ಮನೆಗೆ ಬರಲಿ ಎಂದು ಅಮ್ಮನಿಗಿತ್ತು. ಆ ಗಡಿಬಿಡಿಯಲ್ಲಿ ಬೈಕನ್ನು ನಿಧಾನವಾಗಿ ಪರೀಕ್ಷಿಸಿ ತೆಗೆದುಕೊಳ್ಳಲಾಗದೆಂದು ಅವರನ್ನು ಒಪ್ಪಿಸಿ, ಹಬ್ಬದ ಗದ್ದಲ ಇಳಿದ ಮೇಲೆ ಹೋದೆ.

350 ಸಿಸಿಯ ಗೆರೆ ವಿಮೆಯಲ್ಲೂ ಇದೆ. ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 150ರಿಂದ 350 ಸಿಸಿಯವರೆಗೆ ಅದರ ಕಂತು 7,365 ರೂಪಾಯಿ, 350 ದಾಟಿದರೆ 15,117, ಜಿಎಸ್‌ಟಿ ಬೇರೆ. ಬೈಕಿನ ಸ್ವಂತ ಹಾನಿಗೆ ಒಂದು ವರ್ಷದ ವಿಮೆಯನ್ನು ಹೊರಗಿನ ಕಂಪನಿಗಳಿಂದಲೂ ತೆಗೆದುಕೊಳ್ಳಬಹುದು, ದರ ಹೋಲಿಸಿ ನೋಡಿ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ನಿಮ್ಮ ಕಾರಿನ ಜೊತೆಗೋ ಪ್ರತ್ಯೇಕವಾಗಿಯೋ ಈಗಾಗಲೇ ಇದ್ದರೆ ಮತ್ತೊಮ್ಮೆ ಕೊಳ್ಳಬೇಕಾಗಿಲ್ಲ. ಅದರ ಪ್ರತಿಯನ್ನು ತೋರಿಸಿದರೆ ಆ ಮೊತ್ತ ಬಿಟ್ಟುಹೋಗುತ್ತದೆ.

ಎಕ್ಸ್‌ಶೋರೂಂ ಬೆಲೆಗೂ ಆನ್‌ರೋಡ್ ಬೆಲೆಗೂ ನಡುವೆ ಕರ್ನಾಟಕದಲ್ಲಿ ದೊಡ್ಡ ಅಂತರವಿರುವುದಕ್ಕೆ ಕಾರಣ ರಸ್ತೆ ತೆರಿಗೆ. ಒಂದು ಲಕ್ಷ ದಾಟಿದ ಬೈಕಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್; ಒಟ್ಟಿನಲ್ಲಿ ಬೆಲೆಯ ಐದನೆಯ ಒಂದು ಭಾಗದಷ್ಟು. ನಾನು ಆರಿಸಿದ ಮಾದರಿಯ ಎಕ್ಸ್‌ಶೋರೂಂ ಬೆಲೆ 1.60 ಲಕ್ಷದ ಮೇಲಿತ್ತು, ಬೀದಿಗಿಳಿಯುವಾಗ 2 ಲಕ್ಷ ದಾಟಿತ್ತು. ಕಡಿಮೆ ಬೆಲೆಯ ಮಾದರಿಯೂ ಇದೆ. ಅದರಲ್ಲಿ ಹಿಂದೆ ಡ್ರಮ್ ಬ್ರೇಕು, ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಎರಡು ಚಕ್ರಕ್ಕೂ ಎಬಿಎಸ್ ಇರುವುದನ್ನೇ ಆರಿಸಿದೆ. ಮಳೆ ಬಿದ್ದ ರಸ್ತೆಯಲ್ಲಿ ಹೊಸಬರ ಬಲಗಾಲು ಎಷ್ಟು ಜೋರಾಗಿ ಒತ್ತುತ್ತದೆಂದು ನನಗೆ ಗೊತ್ತಿತ್ತು.

ಬೇರೆ ಬೇರೆ ಶೋರೂಮುಗಳಿಂದ ಕೊಟೇಶನ್ ಬರೆಸಿಕೊಂಡಿದ್ದೆ. ಒಂದರಲ್ಲಿ ‘ಹ್ಯಾಂಡ್ಲಿಂಗ್’ ಎಂದು ಒಂದು ಮೊತ್ತ, ‘ಅಗತ್ಯ ಕಿಟ್’ ಎಂದು ಇನ್ನೊಂದು ಇದ್ದವು. ಇದು ಯಾವ ನಿಯಮದಲ್ಲಿದೆ, ರಸೀದಿಯಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿದಾಗ ಮೊದಲನೆಯದು ಮಾಯವಾಯಿತು, ಎರಡನೆಯದು ಅರ್ಧವಾಯಿತು. ನಾನು ಅಲ್ಲಿ ಕೊಳ್ಳಲಿಲ್ಲ. ಕೊಟೇಶನ್ನಿನ ಪ್ರತಿ ಸಾಲನ್ನೂ ಬೆರಳಿಟ್ಟು ಕೇಳುವುದರಲ್ಲಿ ಸಂಕೋಚ ಬೇಡ. ಗಾಡಿ ಕೊಡುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ನಿಯಮವೇ ಇದೆ, ಅದನ್ನೂ ಕೇಳಿ.

ಹಣದ ಅರ್ಧದಷ್ಟನ್ನು ಕೂಡಿಟ್ಟಿದ್ದೆ, ಉಳಿದದ್ದಕ್ಕೆ ಸಾಲ. ಶೋರೂಮಿನಲ್ಲಿ ಕೂತಿದ್ದ ಫೈನಾನ್ಸಿನವರ ಇಎಂಐ ಕಡಿಮೆ ಕಂಡದ್ದು ಅವಧಿ ಉದ್ದವಾಗಿದ್ದರಿಂದ. ಒಟ್ಟು ಕಟ್ಟುವ ಹಣವನ್ನು ಕೂಡಿಸಿ ನೋಡಿದರೆ ಸಂಬಳದ ಖಾತೆಯಿರುವ ಬ್ಯಾಂಕೇ ಅಗ್ಗವಾಯಿತು. ಬ್ಯಾಂಕಿಗೆ ಕೊಟ್ಟದ್ದು ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳದ ಚೀಟಿ, ಶೋರೂಮಿನ ಪ್ರೊಫಾರ್ಮಾ ಇನ್‌ವಾಯ್ಸ್. ಸಾಲವಿರುವವರೆಗೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಕಂತು ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35ನ್ನು ಆರ್‌ಟಿಒಗೆ ಕೊಟ್ಟು ಅದನ್ನು ತೆಗೆಸುವುದು ನಮ್ಮದೇ ಕೆಲಸ, ತಾನಾಗಿ ಹೋಗುವುದಿಲ್ಲ.

ಬುಕಿಂಗ್ ಆದ ಮೇಲಿನ ಕಾಯುವಿಕೆಯಲ್ಲಿ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಹಗಲು ಕಾಲೇಜಿನಲ್ಲಿ ಪಾಠ ಮಾಡುವಾಗ ಹೊರಗೆ ‘ದುಗುದುಗು’ ಸದ್ದು ಕೇಳಿದರೆ ಸಂತೋಷವಾಗುತ್ತಿತ್ತು. ರಾತ್ರಿ ಮಲಗಿದಾಗ ರಿಂಗ್ ರಸ್ತೆಯ ಲಾರಿಗಳು ಕಣ್ಣ ಮುಂದೆ ಬರುತ್ತಿದ್ದವು. ಆ ದಿನಗಳಲ್ಲಿ ಮೈಗೆ ಹಾಕುವುದನ್ನೆಲ್ಲ ಕೊಂಡೆ. ಒಳ್ಳೆಯ ಪೂರ್ಣಮುಖದ ಹೆಲ್ಮೆಟ್ಟಿಗೆ ಐದು ಸಾವಿರ ದಾಟಿತು, ಮೊಣಕೈ ಭುಜಗಳಿಗೆ ಗಾರ್ಡ್ ಇರುವ ಜಾಕೆಟ್ಟಿಗೆ ಏಳು ಸಾವಿರ, ಗ್ಲೌಸ್ ಮತ್ತು ಕಣಕಾಲು ಮುಚ್ಚುವ ಶೂ ಸೇರಿ ಇನ್ನೊಂದು ಐದಾರು ಸಾವಿರ. ಬೈಕಿನ ಬಜೆಟ್ಟಿನಲ್ಲಿ ಇಪ್ಪತ್ತು ಸಾವಿರವನ್ನು ಇದಕ್ಕೆಂದು ಮೊದಲೇ ಎತ್ತಿಡಿ. ಹೆಲ್ಮೆಟ್ ಹಾಕಿದಾಗ ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ತಲೆಯ ಜೊತೆಗೇ ತಿರುಗಬೇಕು. ಹೆಂಗಸರ ಅಳತೆಯ ಗ್ಲೌಸ್ ಮೈಸೂರಿನಲ್ಲಿ ನನಗೆ ಸಿಗಲಿಲ್ಲ, ತರಿಸಿಕೊಂಡೆ. ನಾನು ಪಾಠಕ್ಕೆ ಸೀರೆ ಉಡುವವಳು. ಈಗ ಪ್ಯಾಂಟಿನಲ್ಲಿ ಹೋಗಿ ಅಲ್ಲೇ ಸೀರೆ ಉಡುತ್ತೇನೆ, ಕಾಲೇಜಿನ ಲಾಕರಿನಲ್ಲಿ ಎರಡು ಸೀರೆ ಇಟ್ಟಿದ್ದೇನೆ.

ಗಾಡಿ ತೆಗೆದುಕೊಳ್ಳುವ ದಿನ ಹಾರ, ಕುಂಕುಮ, ಫೋಟೋಗಳಿಗೆ ಮೊದಲೇ ಪರೀಕ್ಷೆ ಮುಗಿಸಿಕೊಳ್ಳಿ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾಗದದೊಡನೆ ತಾಳೆ ನೋಡಬೇಕು. ಟೈರಿನ ಪಕ್ಕದಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಟ್ಯಾಂಕಿನ ಬಣ್ಣವನ್ನು ಶೋರೂಮಿನ ದೀಪದಲ್ಲಿ ನೋಡದೆ ಬಿಸಿಲಿಗೆ ತರಿಸಿ ನೋಡಿ. ಎರಡೂ ಕೀಲಿಗಳು, ತೆರಿಗೆಯ ರಸೀದಿ, ವಿಮೆ, ಇನ್‌ವಾಯ್ಸ್ ಕೈಸೇರಬೇಕು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿದ ಮೇಲೆಯೇ ನಾನು ಬೈಕು ಹೊರಗೆ ತಂದದ್ದು. ಆರ್‌ಸಿ ಕಾರ್ಡು ಅಂಚೆಯಲ್ಲಿ ಬರುವವರೆಗೆ ಡಿಜಿಲಾಕರಿನಲ್ಲಿರುವ ಪ್ರತಿ ಸಾಕು.

ಹೊಸ ಎಂಜಿನ್ನನ್ನು ಮೊದಲ 500 ಕಿ.ಮೀ. ಎಳೆಯಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಲೂ ಬಾರದು. ನನಗೂ ಅದೇ ಬೇಕಾಗಿತ್ತು. ಮೊದಲ ವಾರ ಬೆಳಗ್ಗೆ ಐದೂವರೆಗೆ ಲಲಿತ ಮಹಲಿನ ರಸ್ತೆ, ಆಮೇಲೆ ರಿಂಗ್ ರಸ್ತೆಯ ಅಂಚು, ಆಮೇಲೆ ಚಾಮುಂಡಿ ಬೆಟ್ಟ. ಬೆಟ್ಟದ ತಿರುವಿನಲ್ಲಿ ಮುಂದಿನ ಕಾರು ನಿಂತು, ಏರಿನಲ್ಲಿ ನಿಂತಲ್ಲಿಂದ ಹೊರಡಬೇಕಾದಾಗ ಕೈ ಬೆವರಿತ್ತು. ಎಡಗಾಲು ನೆಲದಲ್ಲಿ, ಬಲಗಾಲು ಹಿಂದಿನ ಬ್ರೇಕಿನಲ್ಲಿ, ಕ್ಲಚ್ ಬಿಡುತ್ತ ಬಂದಂತೆ ಎಂಜಿನ್ನಿನ ಸದ್ದು ತಗ್ಗಿ ಬೈಕು ಮುಂದಕ್ಕೆ ಒರಗಲು ನೋಡುತ್ತದೆ. ಆಗ ಬ್ರೇಕು ಬಿಟ್ಟರೆ ಒಂದಂಗುಲವೂ ಹಿಂದೆ ಸರಿಯದೆ ಹೊರಡುತ್ತದೆ. 2025ರ ಹಂಟರಿನಲ್ಲಿ ಸ್ಲಿಪ್-ಅಸಿಸ್ಟ್ ಕ್ಲಚ್ ಬಂದಿರುವುದರಿಂದ ಬೆರಳಿಗೆ ಅಷ್ಟು ಭಾರವಿಲ್ಲ. ಹಳೆಯ ಮಾದರಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕ್ಲಚ್ಚನ್ನು ಹತ್ತು ನಿಮಿಷ ಟ್ರಾಫಿಕ್ಕಿನಲ್ಲಿ ಹಿಡಿದು ನೋಡಬೇಕು.

ಬೆಂಗಳೂರಿಗೆ ಹೋಗಬೇಕೆಂದಿರುವ ಮೈಸೂರಿನವರಿಗೆ ಇನ್ನೊಂದು ವಿಷಯ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕು 350 ಸಿಸಿಯದಾದರೂ 650ರದಾದರೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮೊದಲ ಸರ್ವಿಸ್ ಮುಗಿಸಿ ಕಳೆದ ವಾರ ನಾನು ಶ್ರೀರಂಗಪಟ್ಟಣ ದಾಟಿ ಮಂಡ್ಯದವರೆಗೆ ಆ ದಾರಿಯಲ್ಲಿ ಹೋಗಿಬಂದೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಟ್ರ್ಯಾಕ್ಟರು, ಎತ್ತಿನ ಗಾಡಿ, ಶಾಲೆ ಬಿಟ್ಟ ಮಕ್ಕಳ ಸೈಕಲ್ಲು ಎಲ್ಲ ಬರುತ್ತವೆ, ಕಬ್ಬಿನ ಕಾಲದಲ್ಲಿ ರಸ್ತೆಯ ಮೇಲೆ ಬಿದ್ದ ಸೋಗೆ ಜಾರುತ್ತದೆ. ಗಂಟೆಗೆ ಐವತ್ತರ ಮೇಲೆ ಹೋಗುವ ಅವಕಾಶ ಅಪರೂಪ. ಬೆಂಗಳೂರಿಗೆ ಮೂರೂವರೆ ಗಂಟೆಯಾದರೂ ಹಿಡಿಯುತ್ತದೆಂದು ಲೆಕ್ಕ ಹಾಕಿಕೊಂಡು, ಬಿಸಿಲೇರುವ ಮೊದಲೇ ಹೊರಡಿ.